ಮಗ್ಗದ ಕಿಟಕಿಯ ನಿಂಬಿ ತಪ್ಪಲ

ದೋಟಿಹಾಳದ ನೇಕಾರರ ಓಣಿಯಲ್ಲಿ ಕೊಂಡಿ ಹಾಕುವುದಕ್ಕೆ ಅನ್ನಮ್ಮನ ಕೈಯೇ ಕೈ ಎಂದು ಎಲ್ಲರೂ ಒಪ್ಪಿದ್ದರು. ಸೀರೆಯ ಒಡಲು ನೂಲಿನದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಒಂದು ಎಳೆಯನ್ನು ಸೆರಗಿನ ಒಂದು ಎಳೆಗೆ ಕುಣಿಕೆ ಮಾಡಿ ಸಿಕ್ಕಿಸಬೇಕು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಹೀಗೆ ಒಂದು ದಡಿಯಿಂದ ಇನ್ನೊಂದು ದಡಿಯವರೆಗೆ ಹೋಗಬೇಕು. ಅದೇ ಕೊಂಡಿ. ಒಂದು ಎಳೆ ತಪ್ಪಿದರೂ ನೇಯ್ದ ಮೇಲೆ ಸೆರಗಿನ ಬುಡದಲ್ಲಿ ಕಿಂಡಿ ಕಾಣುತ್ತದೆ. ಅನ್ನಮ್ಮ ಮದುವೆಯಾಗಿ ಬಂದಾಗಿನಿಂದ ಅವಳ ಗಂಡ ಅಂದಪ್ಪನ ಮಗ್ಗದಲ್ಲಿ ಅಂಥ ಕಿಂಡಿಯನ್ನು ಯಾರೂ ಕಂಡಿರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಳೆಗಾಲದಲ್ಲಿ ಅವಳಿಗೆ ಚಳಿಜ್ವರ ಹತ್ತಿತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಅವಳ ನಿದ್ದೆಯನ್ನೂ ಸಂಗಡ ಒಯ್ದಿತು. ಎದೆ ಸುಮ್ಮಸುಮ್ಮನೆ ಡವಡವ ಹೊಡೆದುಕೊಳ್ಳುತ್ತಿತ್ತು. ರೊಟ್ಟಿ ಬಡಿಯುವಾಗ ಕೈ ನೆಟ್ಟಗಿರುತ್ತಿತ್ತು, ನೀರು ಸೇದುವಾಗಲೂ ನೆಟ್ಟಗಿರುತ್ತಿತ್ತು. ಕೊಂಡಿಗೆ ಕುಳಿತು ರೇಷ್ಮೆಯ ಎಳೆ ಹಿಡಿದರೆ ಮಾತ್ರ ಬೆರಳು ನಡುಗುತ್ತಿದ್ದವು. ಎಳೆ ಕುಣಿಕೆಗೆ ಬೀಳುವ ಮೊದಲೇ ಜಾರುತ್ತಿತ್ತು.

ಪಕ್ಕದ ಮನೆಯ ಶಾಂತಕ್ಕ ತನ್ನ ಮಗ್ಗದ ಕೆಲಸ ಮುಗಿಸಿ, ಇವರ ಕೊಂಡಿಯನ್ನೂ ಹಾಕಿಕೊಡತೊಡಗಿದಳು. ಅವಳಿಗೆ ಬಿಡುವಾಗುವ ತನಕ ಅಂದಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಲಾಳಿಯನ್ನು ಒರೆಸುತ್ತ ಕುಳಿತಿರುತ್ತಿದ್ದ. ಅವನು ಹೆಂಡತಿಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಎಂದು ಅನ್ನಮ್ಮನಿಗೆ ಅನಿಸುತ್ತಿತ್ತು. ಅತ್ತೆ ಮುದುಕಮ್ಮ ಮಾತ್ರ, ಯಲಬುರ್ಗಿಯಲ್ಲಿರುವ ತನ್ನ ತಮ್ಮನ ಮಗಳು ಕಳಕಮ್ಮನನ್ನು ಕರೆಸಿಕೊಳ್ಳೋಣ, ಹುಡುಗಿಗೆ ಕೊಂಡಿ ಬರುತ್ತದೆ, ಯುಗಾದಿ ಆದ ಮೇಲೆ ಇಲ್ಲೇ ಇರಲಿ ಎಂದು ಆಡಲು ಶುರು ಮಾಡಿದಳು. ಅತ್ತೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಮಗ್ಗದ ಮನೆಯಲ್ಲಿ ತಾನು ಕೊಂಡಿಗೆ ಕೂರುವ ಗೋಣಿತಟ್ಟಿನ ಮೇಲೆ ಬೇರೆಯವಳು ಬಂದು ಕುಳಿತರೆ ತನ್ನ ಜಾಗ ಹೋದಂತೆಯೇ ಎಂದು ಅನ್ನಮ್ಮನಿಗೆ ಗೊತ್ತಿತ್ತು.

ಸಂತೆಯ ದಿನ ಅತ್ತೆ ಸೊಸೆ ಇಬ್ಬರೂ ಕುಷ್ಟಗಿಗೆ ಹೋಗಿ ಹಕೀಮ ಉಮರಸಾಬರ ಮನೆಯ ಮುಂದೆ ಕುಳಿತರು. ಹಕೀಮರು ನಾಡಿ ಹಿಡಿದು, ಕಣ್ಣು ನೋಡಿ, ಜ್ವರ ಹೋದರೂ ದಿಲ್‌ನ ಘಾಬರಿ ಹೋಗಿಲ್ಲ ಎಂದರು. ಗಂಜಿ ಕುಡಿಯಬೇಕು, ಬಿಸಿಲಿಗೆ ತಿರುಗಬಾರದು ಎಂದು ಹೇಳಿ ಒಣಗಿದ ಎಲೆತಪ್ಪಲು ಕಟ್ಟಿಕೊಟ್ಟರು. ಅದಕ್ಕೆ ಅವರು ಹೇಳಿದ ಹೆಸರು ಬಾದರಂಜಬೋಯಾ. ಪೊಟ್ಟಣವನ್ನು ಮೂಗಿಗೆ ಹಿಡಿದರೆ ಹಸಿ ನಿಂಬೆಹಣ್ಣಿನ ವಾಸನೆ ಬಂತು. ಆ ಉದ್ದನೆಯ ಹೆಸರು ಸಂತೆ ದಾಟುವ ಮೊದಲೇ ಇಬ್ಬರಿಗೂ ಮರೆತು ಹೋಯಿತು. ಅದು ನಿಂಬಿ ತಪ್ಪಲ ಆಯಿತು. ಅದನ್ನು ಹೇಗೆ ಕಾಸಬೇಕೆಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುದುಕಮ್ಮನಿಗೆ ಕಷಾಯ ಕಾಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಓಣಿಯಲ್ಲಿ ಕೆಮ್ಮು ಬಂದರೂ ಹೊಟ್ಟೆನೋವು ಬಂದರೂ ಅವಳದೇ ಕಷಾಯ. ತಂಬಿಗೆ ನೀರು ಕುದಿಕುದಿದು ಕಾಲು ತಂಬಿಗೆಗೆ ಇಳಿಯಬೇಕು, ಅಲ್ಲಿಯವರೆಗೆ ಒಲೆಯ ಮುಂದಿನಿಂದ ಏಳಬಾರದು ಎಂಬುದು ಅವಳ ಕಟ್ಟಳೆ. ನಿಂಬಿ ತಪ್ಪಲನ್ನೂ ಹಾಗೆಯೇ ಬಾಯ್ತೆರೆದ ಗಡಿಗೆಯಲ್ಲಿ ಹಾಕಿ ಸಂಜೆಯಿಡೀ ಕುದಿಸಿದಳು. ವಾಸನೆ ಅಡಿಗೆಮನೆ ತುಂಬಿ, ಪಡಸಾಲೆ ದಾಟಿ, ಓಣಿಯ ಕೊನೆಯ ಮನೆಯವರೆಗೂ ಹೋಯಿತು. ಅನ್ನಮ್ಮನ ಪಾಲಿಗೆ ಬಂದದ್ದು ಒಂದಿಷ್ಟು ಕಂದು ಬಣ್ಣದ ಕಹಿ ನೀರು. ಅವಳು ಕಣ್ಣು ಮುಚ್ಚಿ ಕುಡಿದಳು. ದಿನವೂ ಕುಡಿದಳು. ನಿದ್ದೆ ಮಾತ್ರ ಬರಲಿಲ್ಲ.

ಒಂದು ದಿನ ಶಾಂತಕ್ಕ ಬಾಗಿಲಿಗೆ ಬಂದು ನಿಂತಳು.

"ಅತ್ತಿ, ನಿಮ್ಮ ಔಷಧ ನಮ್ಮ ಮನಿಯವ್ರಿಗೆ ಹತ್ತೇತಿ ನೋಡ್ರಿ. ಸಂಜಿ ಆತಂದ್ರ ಮಗ್ಗದ ಮ್ಯಾಲ ಕುಂತಲ್ಲೇ ತೂಕಡಸ್ತಾರ. ಸ್ವಲ್ಪ ಕಡಿಮಿ ಕುದಸ್ರಿ."

ಎಲ್ಲರೂ ನಕ್ಕರು. ಬಹಳ ದಿನದ ಮೇಲೆ ಅನ್ನಮ್ಮನೂ ನಕ್ಕಳು. ಆದರೆ ಮರುಸಂತೆಗೆ, ಔಷಧ ಹಿಡಿಯಲಿಲ್ಲ ಎಂದು ಹೇಳಲು ಅತ್ತೆ ಸೊಸೆ ಮತ್ತೆ ಕುಷ್ಟಗಿಗೆ ಹೋದರು. ಹಕೀಮರು ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಾಗ ಪರದೆಯ ಆಚೆಯಿಂದ ಅವರ ಹೆಂಡತಿ ರಜಿಯಾಬೇಗಂ ಹೇಗೆ ಕಾಸಿದಿರಿ ಎಂದು ಕೇಳಿದರು. ಮುದುಕಮ್ಮ ಹೆಮ್ಮೆಯಿಂದಲೇ ಎಲ್ಲವನ್ನೂ ವಿವರಿಸಿದಳು. ಪರದೆಯ ಆಚೆ ಮೆಲ್ಲಗೆ ನಗು ಕೇಳಿಸಿತು.

"ಅಮ್ಮಾ, ಇದರ ಜೀವ ವಾಸನ್ಯಾಗ ಐತ್ರಿ. ಅದು ಓಣಿಗೆ ಹೋತು. ಖಾಲಿ ನೀರು ಸೊಸಿಗೆ ಬಂತು."

ಬೇಗಂ ಇಬ್ಬರನ್ನೂ ಹಿತ್ತಲಿಗೆ ಕರೆದರು. ಅಲ್ಲಿ ದಾಳಿಂಬೆ ಗಿಡದ ನೆರಳಿನಲ್ಲಿ, ಬಚ್ಚಲ ನೀರು ಹರಿದು ಹೋಗುವ ದಂಡೆಗೆ, ಪುದೀನದಂಥ ಸುಕ್ಕುಸುಕ್ಕು ಎಲೆಯ ಗಿಡ ಒತ್ತಾಗಿ ಬೆಳೆದಿತ್ತು. ಹೈದರಾಬಾದಿನ ತವರಿನಿಂದ ಬೇರು ತಂದು ಹಚ್ಚಿದ್ದರಂತೆ. ತಮ್ಮ ಮನೆಯ ನೀರು ಮುದುಕಮ್ಮ ಮುಟ್ಟಲಿಕ್ಕಿಲ್ಲ ಎಂದು ಅವರಿಗೆ ತಿಳಿದಿತ್ತು. ಅದಕ್ಕೇ ಏನೂ ಅನ್ನದೆ, ಇವರು ಊರಿನಿಂದ ತಂದ ನೀರಿನ ತಂಬಿಗೆಯನ್ನೇ ಮೂರು ಕಲ್ಲಿನ ಮೇಲೆ ಇಡಿಸಿದರು. ನೀರು ಕುದಿಯುತ್ತಲೇ ಇಳಿಸಲು ಹೇಳಿದರು. ಆಮೇಲೆ ಅನ್ನಮ್ಮನ ಕೈಯಿಂದಲೇ ಎಲೆ ಹರಿದು ಹಾಕಿಸಿ, ತಂಬಿಗೆಯ ಬಾಯಿಗೆ ಮುತ್ತಲದ ಎಲೆ ಮುಚ್ಚಿ, ಮೇಲೊಂದು ಕಲ್ಲು ಇಡಿಸಿದರು. ನೀರು ಉಗುರುಬೆಚ್ಚಗಾದ ಮೇಲೆ ಮುಚ್ಚಳ ತೆಗೆದಾಗ ಆ ವಾಸನೆಯೆಲ್ಲ ಒಳಗೇ ಕಾದು ಕುಳಿತಿತ್ತು. ಅನ್ನಮ್ಮ ಕುಡಿದಳು. ಕಹಿ ಇರಲೇ ಇಲ್ಲ.

ಬರುವಾಗ ಬೇಗಂ ಬೇರು ಸಮೇತ ಒಂದು ಸಸಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಹೂವಿಗೆ ಬಿಡಬೇಡ, ಅದಕ್ಕೂ ಮೊದಲೇ ಕುಡಿ ಚಿವುಟುತ್ತಿರು ಎಂದೂ ಹೇಳಿದರು. ಮುದುಕಮ್ಮ ಮನೆಗೆ ಬಂದವಳೇ ಕೈಕಾಲು ತೊಳೆದು, ಆ ಸಸಿಯನ್ನು ಅಂಗಳದ ತುಳಸಿಕಟ್ಟೆಯಲ್ಲಿ ತುಳಸಿಯ ಪಕ್ಕಕ್ಕೇ ನೆಟ್ಟಳು. ಸೊಸೆಯ ಮುಂದೆ ತಪ್ಪೊಪ್ಪಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ. ಅದರ ಬದಲು ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಜಾಗವನ್ನು ಆ ಗಿಡಕ್ಕೆ ಕೊಟ್ಟಳು.

ದೊಡ್ಡ ಜಾಗ ನಿಜ, ಆದರೆ ಮುಂಜಾನೆಯಿಂದ ಸಂಜೆಯವರೆಗೆ ಅಲ್ಲಿ ಬಿಸಿಲು. ಎಲೆಯ ಅಂಚು ಕಂದಾಯಿತು, ಆಮೇಲೆ ಮುರುಟಿತು. ಕಟ್ಟೆಯಲ್ಲಿ ಇದ್ದದ್ದರಿಂದ ಯಾರೂ ಅದರ ಕುಡಿ ಚಿವುಟುವ ಹಾಗಿಲ್ಲ, ಕಿತ್ತು ಬೇರೆಡೆ ಹಚ್ಚುವ ಮಾತಂತೂ ಇಲ್ಲವೇ ಇಲ್ಲ. ಅನ್ನಮ್ಮ ದಿನವೂ ನೀರೆರೆದು ನೋಡುತ್ತ ನಿಲ್ಲುತ್ತಿದ್ದಳು. ಅತ್ತೆಗೆ ಎದುರಾಡಿ ಅವಳಿಗೆ ರೂಢಿ ಇರಲಿಲ್ಲ. ಆದರೆ ಬೇಗಂ ಮನೆಯ ದಾಳಿಂಬೆಯ ನೆರಳು ಕಣ್ಣ ಮುಂದಿನಿಂದ ಹೋಗಲೊಲ್ಲದು. ಅಂಥ ತಂಪು ತಮ್ಮ ಮನೆಯಲ್ಲಿ ಎಲ್ಲಿದೆ ಎಂದು ಹುಡುಕುತ್ತ ಹೋದರೆ ಅವಳು ಬಂದು ಮುಟ್ಟಿದ್ದು ಮಗ್ಗದ ಮನೆಗೆ. ನೂಲು ಒಣಗಿ ಹರಿಯದಿರಲೆಂದು ಅಲ್ಲಿ ದಿನವೂ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಬಡಗಣ ಗೋಡೆಗೆ ಒಂದು ಸಣ್ಣ ಕಿಟಕಿ, ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ.

ಅಂದು ಮುದುಕಮ್ಮ ಕಟ್ಟೆಗೆ ನೀರು ಹಾಕುತ್ತಿದ್ದಾಗ ಅನ್ನಮ್ಮ ಪಕ್ಕಕ್ಕೆ ಹೋಗಿ ನಿಂತಳು.

"ಅತ್ತಿ, ಇದು ತುಳಸಿ ಅಲ್ರಿ. ಇದು ನನ್ನಂಗ ಐತಿ. ನಾಕು ಮಂದಿ ಕಾಣೂವಂಗ ಬಿಸಲಾಗ ನಿಲ್ಲಸಿದ್ರ ಸೊರಗತೈತಿ."

ಮುದುಕಮ್ಮ ಸೊಸೆಯ ಮುಖ ನೋಡಿದಳು, ಗಿಡ ನೋಡಿದಳು.

"ಕಟ್ಟಿಯಾಗಿಂದ ಕಿತ್ತು ಹಿತ್ತಲಕ ಒಗಿಬೇಕೇನ?"

"ಹಿತ್ತಲಕ ಬ್ಯಾಡ್ರಿ. ಮಗ್ಗದ ಮನೀಗಿ."

ಆ ಮಾತು ಅತ್ತೆಗೆ ಹಿಡಿಸಿತು. ಮಗ್ಗದ ಮನೆಗೆ ಅವಳೂ ಕೈಮುಗಿಯದೆ ಕಾಲಿಡುತ್ತಿರಲಿಲ್ಲ. ಗಿಡಕ್ಕೆ ನಮಸ್ಕಾರ ಮಾಡಿ, ಬಾ ನಮ್ಮವ್ವ, ಇಲ್ಲಿಂದ ಅಲ್ಲಿಗೆ ನಡಿ ಎಂದು ಹೇಳಿ, ತಾನೇ ಮಣ್ಣು ಸಮೇತ ಎತ್ತಿ ಒಡಕು ಗಡಿಗೆಯಲ್ಲಿ ಕೂರಿಸಿದಳು. ಅಂದಪ್ಪ ಅದನ್ನು ಕಿಟಕಿಯಲ್ಲಿ ಇಟ್ಟ. ನೆಲಕ್ಕೆ ಚಿಮುಕಿಸುವ ನೀರಿನಲ್ಲಿ ಒಂದು ಹಿಡಿ ಅದಕ್ಕೂ ಸಿಗತೊಡಗಿತು. ಬುಡದಿಂದ ಹೊಸ ಚಿಗುರು ಬಂತು, ಆಮೇಲೆ ಗಡಿಗೆಯ ಬಾಯಿಯೇ ಕಾಣದಷ್ಟು ತುಂಬಿಕೊಂಡಿತು. ಲಾಳಿ ಎಸೆಯುವಾಗ ಅಂದಪ್ಪನ ಮೊಳಕೈ ಎಲೆಗೆ ತಾಕಿದರೆ ಸಾಕು, ಮಗ್ಗದ ಮನೆಯೆಲ್ಲ ನಿಂಬೆ ವಾಸನೆ. ಸಂಜೆಗೊಮ್ಮೆ ಅನ್ನಮ್ಮ ಕುಡಿ ಚಿವುಟಿ, ಮುಚ್ಚಳ ಹಾಕಿಟ್ಟು ಕುಡಿಯುತ್ತಿದ್ದಳು. ನಿದ್ದೆ ಮೊದಲು ತುಣುಕು ತುಣುಕಾಗಿ ಬಂತು, ಆಮೇಲೆ ಇಡಿಯಾಗಿ ಬಂತು. ಎದೆಯ ಬಡಿತ ಯಾವತ್ತು ನಿಂತಿತೋ ಅವಳಿಗೂ ತಿಳಿಯಲಿಲ್ಲ.

ಆದರೆ ಎಳೆ ಮುಟ್ಟಲು ಅವಳು ಇನ್ನೂ ಹೆದರುತ್ತಿದ್ದಳು. ಯುಗಾದಿ ಹತ್ತಿರ ಬಂದಿತ್ತು. ಆಗಲೇ ಶಾಂತಕ್ಕ ತವರಿಗೆ ಹೋದಳು, ಮದುವೆಯ ಸೀರೆಯೊಂದು ಕೊಂಡಿಗೆ ಕಾದಿತ್ತು. ಅಂದಪ್ಪ ಕೆಂಪು ರೇಷ್ಮೆಯನ್ನು ಒಡಲಿನ ಎದುರಿಗೆ ಹಾಸಿ, ಗೋಣಿತಟ್ಟು ಕೊಡವಿ ಅದರ ಜಾಗದಲ್ಲಿ ಹಾಕಿ, ಕೆಲಸವಿದೆ ಎಂದು ಹೊರಗೆ ಹೋದ. ಅವನಿಗೆ ಹೊರಗೆ ಯಾವ ಕೆಲಸವೂ ಇಲ್ಲವೆಂದು ಅನ್ನಮ್ಮನಿಗೆ ಗೊತ್ತಿತ್ತು.

ಅವಳು ಕುಳಿತಳು. ಮೊದಲ ಎಳೆ ಹಿಡಿದಾಗ ಬೆರಳು ಸ್ವಲ್ಪ ಅಲುಗಿತು. ಕಿಟಕಿಯ ಗಿಡದಿಂದ ಒಂದು ಎಲೆ ಕಿತ್ತು ಬೆರಳಿನಲ್ಲಿ ತಿಕ್ಕಿ, ಉಟ್ಟ ಸೀರೆಯ ಸೆರಗಿಗೆ ಒರೆಸಿಕೊಂಡಳು. ಎಳೆ ಕುಣಿಕೆಗೆ ಬಿತ್ತು. ಅದರ ಪಕ್ಕದ್ದೂ ಬಿತ್ತು. ಮುದುಕಮ್ಮ ಮುಚ್ಚಿದ ತಂಬಿಗೆ ಹಿಡಿದು ಹೊಸ್ತಿಲ ಆಚೆ ಕುಳಿತಳು, ಒಳಗೆ ಬರಲಿಲ್ಲ. ಕುಡಿಯಲು ಇಟ್ಟ ನೀರು ಆರಿ ತಣ್ಣಗಾಯಿತು. ಅನ್ನಮ್ಮ ಅದನ್ನು ಕೇಳಲೇ ಇಲ್ಲ.

ಅಂದಪ್ಪ ಬಂದು ಹಾಸಿನ ಎಳೆಗಳನ್ನು ಬಿಗಿಮಾಡಿ, ಕೊಂಡಿಯ ಮೇಲೆ ಅಂಗೈ ಸವರಿದ. ಒಂದು ದಡಿಯಿಂದ ಇನ್ನೊಂದು ದಡಿಗೆ ಕೈ ನುಣ್ಣಗೆ ಹೋಯಿತು. ಅವನು ತಾಯಿಯ ಕಡೆ ತಿರುಗಿದ.

"ಯವ್ವಾ, ಯಲಬುರ್ಗಿಗಿ ಏನಂತ ಹೇಳಿ ಕಳಸ್ಲಿ?"

"ಹಬ್ಬಕ್ಕ ಬಾ ಅನ್ನು. ಹೋಳಿಗಿ ಉಂಡು ಹೋಗ್ಲಿ," ಎಂದಳು ಮುದುಕಮ್ಮ.

ಕಳಕಮ್ಮ ಹಬ್ಬಕ್ಕೆ ಬಂದಳು, ಹೋಳಿಗೆ ಉಂಡು ಹೋದಳು. ಮುಂದೆ ಅದೇ ಓಣಿಯ ಬೇರೊಂದು ಮನೆಗೆ ಸೊಸೆಯಾಗಿಯೂ ಬಂದಳು. ಯುದ್ಧದ ವರ್ಷಗಳಲ್ಲಿ ನೂಲು ಸಿಗದೆ ಮಗ್ಗಗಳು ಸುಮ್ಮನೆ ನಿಂತಾಗ ಓಣಿಯ ಗಂಡಸರಿಗೂ ನಿದ್ದೆ ದೂರವಾಯಿತು. ಆಗ ಅನ್ನಮ್ಮನ ಗಡಿಗೆಯಿಂದ ಸಸಿಗಳು ಮನೆಮನೆಯ ಮಗ್ಗದ ಕಿಟಕಿಗೆ ಹೋದವು. ಕಳಕಮ್ಮನೂ ಒಂದು ಒಯ್ಯಲು ಬಂದು, ಇದನ್ನು ಹ್ಯಾಂಗ ಕಾಸಬೇಕು ಎಂದು ಸೋದರತ್ತೆಯನ್ನು ಕೇಳಿದಳು. ಮುದುಕಮ್ಮನಿಗೆ ಆಗ ಕಣ್ಣು ಮಂಜಾಗಿತ್ತು, ದನಿ ಮಾತ್ರ ಹಾಗೇ ಇತ್ತು.

"ಕುದಸಬಾರದವ್ವ, ಮುಚ್ಚಳ ಹಾಕಿಡಬೇಕು. ನಾ ಮೊದಲಿಂದ ಅದನ್ನ ಹೇಳಕೋತ ಬಂದೀನಿ."

ಮಗ್ಗದ ಮನೆಯಲ್ಲಿ ಅನ್ನಮ್ಮ ಬಹಳ ದಿನದ ಮೇಲೆ ಸಿಕ್ಕಿದ ನೂಲಿಗೆ ಕೊಂಡಿ ಹಾಕುತ್ತಿದ್ದಳು. ಅತ್ತೆಯ ಮಾತು ಕಿವಿಗೆ ಬಿತ್ತು. ಅವಳು ತಲೆ ಎತ್ತಲಿಲ್ಲ, ತುಟಿಯಲ್ಲೇ ನಕ್ಕು ಪಕ್ಕದ ಎಳೆ ಹಿಡಿದಳು.