ಟಿಕ್ ಟಿಕ್ ಕೇಳಲು ಮಗ್ಗಗಳು ನಿಂತವು

"ಮಗ್ಗ ನಿಂದ್ರಸ್ರಿ! ಎಲ್ಲಾರೂ ನಿಂದ್ರಸ್ರಿ!"

ಬೆಟಗೇರಿಯ ನೇಕಾರರ ಓಣಿಯಲ್ಲಿ ನೀಲಕ್ಕ ಬಾಗಿಲಿಗೆ ಬಂದು ಹೀಗೆ ಚೀರಿದಾಗ, ನಾನು ಹೇಳಿಟ್ಟ ಸೀರೆಯ ಕೊನೆಯ ಗೇಣು ನೇಯುವುದನ್ನೇ ಕಾಯುತ್ತ ಅವರ ಕಟ್ಟೆಯ ಮೇಲೆ ಕುಳಿತಿದ್ದೆ. ಎಂಬತ್ತರ ದಶಕದ ಮಾತು. ಒಳಗೆ ಅವಳ ಗಂಡ ಈರಣ್ಣ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೇಳಲಾರದೆ ಏದುಸಿರು ಬಿಡುತ್ತಿದ್ದ. ಹಿಂದಿನ ವರ್ಷ ಮುಂಬಯಿಯಲ್ಲಿ ಅವನ ಹೃದಯಕ್ಕೆ ಲೋಹದ ಕವಾಟ ಕೂಡಿಸಿದ್ದರು. ಅದು ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿರಬೇಕು, ಸದ್ದು ಅಡಗಿದರೆ ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ ಎಂದಿದ್ದರಂತೆ ಡಾಕ್ಟರು. ಆದರೆ ಓಣಿ ತುಂಬ ಮಗ್ಗಗಳ ಗದ್ದಲ. ಅದರಲ್ಲಿ ಎದೆಯ ಸದ್ದು ಕೇಳುವುದು ಹೇಗೆ?

ಅವಳ ಕೂಗು ಮನೆಯಿಂದ ಮನೆಗೆ ಹೋಯಿತು. ಖಟಪಟ ಒಂದೊಂದಾಗಿ ನಿಂತು, ಇಡೀ ಓಣಿ ಉಸಿರು ಬಿಗಿಹಿಡಿಯಿತು. ನೀಲಕ್ಕ ಗಂಡನ ಎದೆಗೆ ಕಿವಿಯಿಟ್ಟಳು.

"ಟಿಕ್ ಟಿಕ್ ಅನ್ನವಲ್ದು! ಜಲ್ದಿ ಗಾಡಿ ತರ್ರಿ!"

ಮಗ್ಗ ಬಿಟ್ಟು ಬಂದವರು ಅವನನ್ನು ಎತ್ತಿಕೊಂಡೇ ಗಾಡಿಯತ್ತ ಓಡಿದರು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಕೊಟ್ಟು ಮುಂಬಯಿಗೆ ಕಳಿಸಿದರು. ಅಲ್ಲಿ ಹೊಸ ಕವಾಟ ಹಾಕಿದರು.

ಈರಣ್ಣ ಮರಳಿದ ದಿನ ಯಾರೂ ಹೇಳದಿದ್ದರೂ ಮಗ್ಗಗಳೆಲ್ಲ ಮತ್ತೆ ನಿಂತವು. ಆ ಮೌನದಲ್ಲಿ, ಅವನನ್ನು ನೋಡಲು ಬಂದು ಕಟ್ಟೆಯ ಮೇಲಿದ್ದ ನನಗೂ ಕೇಳಿಸಿತು: ಟಿಕ್, ಟಿಕ್. ಓಣಿಯೇ ಹೋ ಎಂದು ಕೂಗಿತು!

ಉಳಿದಿದ್ದ ಆ ಗೇಣನ್ನು ಮುಂದೆ ಈರಣ್ಣನೇ ನೇಯ್ದು ಕೊಟ್ಟ. ಇಂದಿಗೂ ಗೋಡೆ ಗಡಿಯಾರದ ಸದ್ದು ಕಿವಿಗೆ ಬಿದ್ದರೆ, ಎದ್ದು ಹೋಗಿ ಆ ಸೀರೆ ಉಡಬೇಕೆನಿಸುತ್ತದೆ.