ಸಕ್ಕರೆ ಇಲ್ಲದ ಚಹಾ

ಸತ್ತವರು ಇನ್ನೊಬ್ಬರ ಮೈಮೇಲೆ ಬಂದು ಮಾತಾಡುತ್ತಾರೆ ಎಂಬುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ, ನಂಬುವವರನ್ನು ಕಂಡರೆ ಒಳಗೊಳಗೇ ನಗುವೂ ಬರುತ್ತಿತ್ತು. ಬೇಲಾಪುರದ ಒಂದು ಕಚೇರಿಯಲ್ಲಿ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಆಗದ ಆಪರೇಷನ್ನಿನ ಬಿಲ್ಲು, ಇಲ್ಲದ ಡಾಕ್ಟರ ಸಹಿ, ಇವುಗಳ ನಡುವೆ ದಿನ ಕಳೆಯುವವಳಿಗೆ ಮೋಸದ ವಾಸನೆ ಬೇಗ ಹತ್ತುತ್ತದೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿದ ಒಂದು ಸಂಜೆಯ ಸಂಗತಿ ಇದು. ಅಮ್ಮ ಇರುವಷ್ಟು ದಿನ ಬರೆಯುವಂತಿರಲಿಲ್ಲ. ನೀವು ನಂಬಲೇಬೇಕೆಂಬ ಒತ್ತಾಯವೇನೂ ಇಲ್ಲ.

ಮೊದಲು ಅಪ್ಪನ ವಿಷಯ ಹೇಳಬೇಕು. ಅಪ್ಪ ಉಡುಪಿ ಕಡೆಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಚಹಾ ಮಾಡಿದವರು. ಎರಡು ಸಾವಿರದ ಏಳರಲ್ಲಿ ಕಿಡ್ನಿ ಕೈಕೊಟ್ಟು ಕಲ್ಯಾಣದ ಆಸ್ಪತ್ರೆಯೊಂದನ್ನು ಸೇರಿದರು. ಕೊನೆಯ ದಿನ ಅಮ್ಮನನ್ನು ಸ್ನಾನಕ್ಕೆಂದು ಡೊಂಬಿವಲಿಯ ಮನೆಗೆ ಕಳಿಸಿ ನಾನೊಬ್ಬಳೇ ಅಪ್ಪನ ಹತ್ತಿರ ಕೂತಿದ್ದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿದಂತೆ ಕಂಡಿತು. ಕೆಳಗಿಳಿದು ಗೇಟಿನ ಹೊರಗಿನ ಟಪರಿಯಲ್ಲಿ, ಅಂದರೆ ಗೂಡಂಗಡಿಯಲ್ಲಿ, ಚಹಾ ಕೇಳಿದೆ. ಟಪರಿಯವನು ಗಡಿಬಿಡಿಯಲ್ಲಿ ಬೇರೆ ಯಾರಿಗೋ ಮಾಡಿದ ಸಕ್ಕರೆ ಇಲ್ಲದ ಲೋಟ ಕೈಗಿತ್ತ. ಬದಲಿಸಿಕೊಳ್ಳುವ ತಾಳ್ಮೆ ಇರಲಿಲ್ಲ, ಹಾಗೇ ಕುಡಿದೆ. ಮೇಲೆ ಹೋದಾಗ ನರ್ಸ್ ಮಂಚದ ಸುತ್ತ ಪರದೆ ಎಳೆಯುತ್ತಿದ್ದಳು.

ಅಮ್ಮನಿಗೆ ನಾನು ಹೇಳಿದ್ದೇ ಬೇರೆ. ಅಪ್ಪನ ಕೈ ಹಿಡಿದುಕೊಂಡೇ ಇದ್ದೆ, ನಿನ್ನ ಹೆಸರು ಕರೆದರು, ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿದರು ಎಂದೆ. ಅಮ್ಮ ಅದನ್ನು ಮಾತಾಡಿಸಲು ಬಂದವರಿಗೆಲ್ಲ ಹೇಳಿ ಹೇಳಿ ಸಮಾಧಾನ ಮಾಡಿಕೊಂಡಳು. ನನಗೆ ಮಾತ್ರ ಅಂದಿನಿಂದ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಕಚೇರಿಯಲ್ಲಿ ಯಾರಾದರೂ ಕೇಳಿದರೆ ಅಸಿಡಿಟಿ ಎನ್ನುತ್ತಿದ್ದೆ. ಆ ಟಪರಿಯ ವಿಷಯವನ್ನು ಯಾರೆಂದರೆ ಯಾರಿಗೂ ಹೇಳಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ವರ್ಷ ತುಂಬುವ ಮೊದಲೇ ಅಮ್ಮನಿಗೆ ದಾಮೋದರಣ್ಣ ಗಂಟುಬಿದ್ದ. ಇರುವುದು ದಿವಾದ ಒಂದು ಖೋಲಿಯಲ್ಲಿ, ಮೊದಲು ಯಾವುದೋ ಕ್ಯಾಂಟೀನಿನಲ್ಲಿದ್ದನಂತೆ. ಈಗ ಊರಿನವರ ಮನೆಗಳಿಗೆ ಹೋಗಿ ದರ್ಶನ ಹೇಳುತ್ತಿದ್ದ, ಅಂದರೆ ಮನೆಯ ಹಿರಿಯರು ಅವನ ಮೈಮೇಲೆ ಬಂದು ಮಾತಾಡುತ್ತಿದ್ದರು. ಅಮ್ಮನನ್ನು ಅವನ ಬಳಿ ಕರೆದೊಯ್ದವಳು ಕೋಪರಖೈರಣೆಯ ಸುಗಂಧಿಯಕ್ಕ. ಅಮ್ಮನ ಭಜನೆಯ ಗೆಳತಿ, ಎಲ್ಲರ ಮನೆಯ ಸುದ್ದಿಯೂ ಅವಳ ಸೆರಗಿನಲ್ಲೇ ಇರುತ್ತಿತ್ತು. ಅಮ್ಮ ಅಲ್ಲಿಗೆ ಹೋಗಿ ಎರಡು ಹನಿ ಕಣ್ಣೀರು ಹಾಕಿ ಬರುವುದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಅವನು ತೀರ್ಥ ಕೊಟ್ಟು, ಅಪ್ಪನ ಮಾತೆಂದು, ಇದನ್ನು ಕುಡಿಯುವವರು ಮಾತ್ರೆ ತೆಗೆದುಕೊಳ್ಳಬಾರದು ಎಂದುಬಿಟ್ಟಿದ್ದ. ಅಮ್ಮ ಬಿಪಿಯದ್ದನ್ನೂ ಸಕ್ಕರೆ ಕಾಯಿಲೆಯದ್ದನ್ನೂ ಒಟ್ಟಿಗೇ ನಿಲ್ಲಿಸಿದಳು. ಒಂದು ದಿನ ಸ್ಟೇಷನ್ನಿನ ಸೇತುವೆಯ ಮೇಲೆ ತಲೆ ತಿರುಗಿ ಕೂತುಬಿಟ್ಟಳು. ಹೀಗೇ ಬಿಟ್ಟರೆ ಮುಂದಿನ ಸಲ ನನ್ನ ಹತ್ತಿರ ತರಬೇಕಾಗಲಿಕ್ಕಿಲ್ಲ ಎಂದರು ಡಾಕ್ಟರು. ನಾನು ಬೇಡಿಕೊಂಡೆ, ಜಗಳವಾಡಿದೆ, ಊಟ ಬಿಟ್ಟೆ. ಅಮ್ಮನದು ಒಂದೇ ಉತ್ತರ.

"ಅಪ್ಪನೇ ಹೇಳಿದ ಮೇಲೆ ನಿನ್ನ ಡಾಕ್ಟ್ರು ಯಾವ ಲೆಕ್ಕ?"

ಅವನ ಬಣ್ಣ ಬಯಲು ಮಾಡದೆ ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮವುಂಟು. ಅವರಿಗೆ ಇಷ್ಟವಾದ ಅಡಿಗೆಯನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಉಂಡು ಮುಗಿಸುವಷ್ಟು ಹೊತ್ತು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ವರ್ಷಾಂತ್ಯಕ್ಕೆ ಅಪ್ಪನಿಗೆ ಬಡಿಸಿ, ಆಮೇಲೆ ದಾಮೋದರಣ್ಣನಿಂದ ದರ್ಶನ ಎಂದು ನಿಶ್ಚಯವಾಗಿತ್ತು. ಅದಕ್ಕೆ ನಾಲ್ಕು ದಿನ ಮೊದಲು ನಾನು ಸುಗಂಧಿಯಕ್ಕನಿಗೆ ಫೋನು ಮಾಡಿ, ಅಪ್ಪನಿಗೆ ಬಂಗುಡೆ ಪುಳಿಮುಂಚಿ ಎಂದರೆ ಪ್ರಾಣ, ಅಮ್ಮ ಬಡಿಸಲು ಮರೆಯುತ್ತಾಳೋ ಏನೋ ಎಂದು ಕೊರಗಿದೆ. ನಿಜಕ್ಕೂ ಬಂಗುಡೆ ತಿಂದರೆ ಅಪ್ಪನಿಗೆ ಮೈಯೆಲ್ಲ ತುರಿಕೆ ಏಳುತ್ತಿತ್ತು. ಮೂವತ್ತು ವರ್ಷದಲ್ಲಿ ಆ ಮೀನು ನಮ್ಮ ಒಲೆ ಹತ್ತಿರ ಸುಳಿದಿರಲಿಲ್ಲ.

ಆ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅಮ್ಮ ನೀರುದೋಸೆ, ಕೋಳಿ ಸಾರು, ಒಣಸಿಗಡಿ ಚಟ್ನಿ ಎಲ್ಲ ಬಡಿಸಿದಳು. ಅಮ್ಮ, ನಾನು, ಸುಗಂಧಿಯಕ್ಕ, ದಾಮೋದರಣ್ಣ ನಾಲ್ವರೂ ಹೊರಗಿನ ಗ್ಯಾಲರಿಯಲ್ಲಿ ನಿಂತೆವು. ಪಕ್ಕದ ಮನೆಯ ಕಾಕು ಹಾಲು ಹಿಡಿದು ಬಂದವರು, ಏನು, ಬೀಗದಕೈ ಕಳೆದುಹೋಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಅಮ್ಮ ತಡಬಡಿಸದೆ, ನಮ್ಮವರು ಊಟ ಮಾಡುತ್ತಿದ್ದಾರೆ ಎಂದಳು. ಕಾಕು ತಲೆಯಾಡಿಸಿ, ಚಪ್ಪಲಿ ಸದ್ದಾಗದಂತೆ ನಡೆದು ಹೋದರು.

ಒಳಗೆ ಬಂದ ಮೇಲೆ ದಾಮೋದರಣ್ಣ ಅಂಗಿ ತೆಗೆದು ಎಲೆಯ ಮುಂದೆ ಕೂತ. ಸ್ವಲ್ಪ ಹೊತ್ತಿನಲ್ಲಿ ಭುಜ ನಡುಗಿತು, ಉಸಿರು ಜೋರಾಯಿತು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಎಲೆಯನ್ನೊಮ್ಮೆ ನೋಡಿ ದಪ್ಪ ದನಿಯಲ್ಲಿ ಅಂದ.

"ಎಲ್ಲ ಮಾಡಿದ್ದೀ. ನನ್ನ ಬಂಗುಡೆ ಎಲ್ಲುಂಟು?"

ಒಳಗೇ ಕುಣಿದುಬಿಟ್ಟೆ. ಹೇಳಬೇಕಾದ ಮಾತನ್ನು ನಾಲ್ಕು ದಿನದಿಂದ ಉರುಹೊಡೆದಿದ್ದೆ. ಈಗ ಅಮ್ಮನಿಗೆ ಗೊತ್ತಾಗಿರುತ್ತದೆ ಎಂದು ತಿರುಗಿ ನೋಡಿದರೆ, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಪಾಪ, ಆಸೆ ಇತ್ತು ಅಂತ ಕಾಣ್ತದೆ. ಈಗ ತಿನ್ಲಿಕ್ಕೆ ಎಂತ? ಅಲ್ಲಿ ಮೈ ತುರಿಸ್ಲಿಕ್ಕಿಲ್ಲ."

ನಾನು ಒಡ್ಡಿದ ಬಲೆಯನ್ನು ಅಮ್ಮ ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದಳು. ನನಗೆ ಸಿಟ್ಟು ಬಂತು, ಎಲ್ಲವನ್ನೂ ಹೇಳಿಯೇ ಬಿಡಬೇಕೆಂದು ಎದ್ದು ನಿಂತೆ. ಆಗ ಅವನು ನನ್ನ ಕಡೆ ಮುಖ ತಿರುಗಿಸಿದ. ನಡುಕ ನಿಂತಿತ್ತು. ದಪ್ಪ ದನಿಯೂ ಹೋಗಿ, ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟು ಸಾದಾ ಆಗಿತ್ತು.

"ಸಕ್ಕರೆ ಇರ್ಲಿಲ್ಲ ಅಲ್ವಾ ಆ ಚಾದಲ್ಲಿ? ಬೆಳಗ್ಗಿಂದ ಖಾಲಿ ಹೊಟ್ಟೆ ನಿಂದು. ನೀನು ಕುಡ್ದದ್ದು ಒಳ್ಳೇದಾಯ್ತು ಮಗಾ."

ಎದ್ದವಳು ಅಲ್ಲೇ ಕೂತೆ. ಒಂದು ವರ್ಷದಿಂದ ಬಾರದ ಅಳು ಬಂತು. ಅಮ್ಮ ಏನೂ ಕೇಳಲಿಲ್ಲ, ಎಲೆಯ ತುದಿಯನ್ನು ನೋಡುತ್ತಾ ನನ್ನ ಬೆನ್ನ ಮೇಲೆ ಕೈಯಿಟ್ಟಳು, ಅಷ್ಟೇ. ಅವಳಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲವೆಂದು ಅಂದುಕೊಂಡೆ.

ಅವನು ಹೊರಟಾಗ ಬೆನ್ನುಹತ್ತಿ ಕೆಳಗೆ ಮೆಟ್ಟಿಲ ಕೊನೆಯ ತಿರುವಿನಲ್ಲಿ ನಿಲ್ಲಿಸಿದೆ. ಬಂಗುಡೆಯ ಗುಟ್ಟು ಹೇಳಿ, ಸುಗಂಧಿಯಕ್ಕನೇ ನಿನಗೆ ಸುದ್ದಿ ಮುಟ್ಟಿಸಿದ್ದಲ್ಲವೇ ಎಂದೆ. ಅವನು ಸುಳ್ಳು ಹೇಳಲಿಲ್ಲ. ಹೌದು ತಂಗಿ, ಎಲ್ಲ ಕಡೆಯೂ ಹೀಗೇ, ಕೇಳಿ ತಿಳಿದದ್ದನ್ನೇ ಹೇಳುವುದು ಎಂದು ತಲೆ ತಗ್ಗಿಸಿದ. ಹಾಗಾದರೆ ಚಹಾದ ವಿಷಯ ಯಾರು ಹೇಳಿದರು ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

"ಯಾವ ಚಾ? ನಾನು ಬಂಗುಡೆ ಕೇಳಿದ್ದು ನೆನಪುಂಟು. ಮತ್ತೆ ನೀವು ಅಳ್ತಾ ಇದ್ರಿ. ನಡುವೆ ನಾನು ಎಂತ ಹೇಳಿದೆ?"

ಹೇಳಿದೆ. ಅವನ ಮುಖ ಬಿಳಿಚಿತು. ಮೆಟ್ಟಿಲ ಕಂಬಿ ಹಿಡಿದುಕೊಂಡ. ಕಳ್ಳ ಬಿಲ್ಲುಗಳನ್ನು ತಂದು ಎದುರು ಕೂತವರನ್ನು ಬಹಳ ಕಂಡಿದ್ದೇನೆ. ನಟಿಸುವವರ ಭಯ ಹಾಗಿರುವುದಿಲ್ಲ.

ಆಮೇಲೆ ನಾನು ಮಾಡಿದ್ದನ್ನೂ ಮುಚ್ಚಿಡುವುದಿಲ್ಲ. ಅವನನ್ನು ಪೊಲೀಸರಿಗೆ ಕೊಡುವುದಿಲ್ಲ, ಆದರೆ ಈಗಲೇ ಮೇಲೆ ಬಂದು ಮಾತ್ರೆಯ ವಿಷಯ ಸರಿಮಾಡಬೇಕು ಎಂದೆ. ಅವನು ಮೂರು ಮಾಳಿಗೆ ಹತ್ತಿದ. ಬಾಗಿಲಲ್ಲಿ ನಿಂತು, ಯಜಮಾನರು ದಾರಿಯಲ್ಲಿ ಮತ್ತೆ ಅಪ್ಪಣೆ ಕೊಟ್ಟರು, ತೀರ್ಥ ಸಾಕು, ಇನ್ನು ಮಾತ್ರೆ ತಪ್ಪಿಸಬಾರದಂತೆ ಎಂದ. ಅಮ್ಮ ನೆಟ್ಟಗೆ ಹೋಗಿ ಡಬ್ಬಿ ತೆಗೆದಳು. ಮೋಸ ಹಿಡಿಯುವ ಕೆಲಸದವಳು ನಿಂತು ಮೋಸ ಮಾಡಿಸಿದ್ದೆ. ಪಶ್ಚಾತ್ತಾಪ ಅಂದೂ ಆಗಲಿಲ್ಲ, ಇಂದೂ ಇಲ್ಲ. ದಾಮೋದರಣ್ಣ ಆಮೇಲೆ ಯಾರ ಮನೆಯಲ್ಲೂ ದರ್ಶನಕ್ಕೆ ಕೂರಲಿಲ್ಲ. ದಿವಾದ ಖೋಲಿ ಬಿಟ್ಟು ಊರಿಗೆ ಹೋದನೆಂದು ಸುಗಂಧಿಯಕ್ಕ ಹೇಳಿದಳು.

ಬುದ್ಧಿಗೆ ತೋಚಿದ್ದನ್ನೆಲ್ಲ ಯೋಚಿಸಿದ್ದೇನೆ. ಚಹಾ ಮಾಡುವವನ ಮಗಳಿಗೆ ಚಹಾದ ಮಾತು ಹೇಳುವುದು ಊಹೆಯಿರಬಹುದು. ಆಸ್ಪತ್ರೆಯ ಯಾರೋ ನಾನು ಕೆಳಗಿಳಿದದ್ದನ್ನು ಕಂಡು ಬಾಯಿಬಿಟ್ಟಿರಬಹುದು. ಆದರೆ ಟಪರಿಯವನಿಗೆ ನಾನು ಯಾರೆಂದೇ ತಿಳಿಯದು, ಆ ಲೋಟದಲ್ಲಿ ಸಕ್ಕರೆ ಇಲ್ಲದ್ದು ನನ್ನ ನಾಲಗೆಗೆ ಬಿಟ್ಟರೆ ಬೇರೆ ಯಾರಿಗೆ ಗೊತ್ತು? ಇಲ್ಲಿಗೆ ಬಂದರೆ ನನ್ನ ಲೆಕ್ಕ ನಿಂತುಬಿಡುತ್ತದೆ.

ಎಂಟು ವರ್ಷದ ಮೇಲೆ ಅಮ್ಮನನ್ನು ನವಿಮುಂಬಯಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ದಿನ ನಾನು ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಮೂರನೆಯ ಮಧ್ಯಾಹ್ನ ಅಮ್ಮ ಕಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದಳು.

"ಹೋಗಿ ಒಂದು ಚಾ ಕುಡ್ಕೊಂಡು ಬಾ. ಹೆದರ್ಬೇಡ, ನೀನು ಬರುವಷ್ಟರಲ್ಲಿ ನಾನು ಹೋಗುದಿಲ್ಲ."

ನನ್ನ ಸುಳ್ಳು ಅವಳಿಗೆ ಆ ಸಂಜೆಯೇ ತಿಳಿದುಹೋಗಿತ್ತು. ತಿಳಿದೂ ಎಂಟು ವರ್ಷ ಒಂದು ಮಾತು ಕೇಳಿರಲಿಲ್ಲ. ಅಷ್ಟೇ ಅಲ್ಲ, ಬಂದವರಿಗೆಲ್ಲ ಅದೇ ಕಥೆ ಹೇಳುತ್ತಿದ್ದಳು, ಮಗಳು ಕೈ ಹಿಡಿದುಕೊಂಡೇ ಇದ್ದಳು, ಇವರು ನನ್ನ ಹೆಸರು ಕರೆದರು ಎಂದು.

ಕೆಳಗೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಚಹಾ ತೆಗೆದುಕೊಂಡು, ನಿಂತಲ್ಲೇ ಪೂರ್ತಿ ಕುಡಿದೆ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿ ಬಂದಾಗ ಅಮ್ಮ ಬಾಗಿಲ ಕಡೆಗೇ ನೋಡುತ್ತಾ ಮಲಗಿದ್ದಳು.

"ಸಕ್ಕರೆ ಇತ್ತಾ?" ಎಂದಳು.