ಅಜ್ಜಿಯ ಕಿವಿಗೆ ಬಿದ್ದ ಸ್ಪ್ಯಾನಿಷ್ ಪದ

“ಪ್ರೆಹುಯ್ಸಿಯೊ” ಎಂದು ಸಿಸ್ಟರ್ ನಿಧಾನವಾಗಿ ಬಿಡಿಸಿ ಹೇಳಿಕೊಟ್ಟರು. ಅವರ ಲೋಟಕ್ಕೆ ಕಾಫಿ ಬಗ್ಗಿಸಲು ಚೊಂಬು ಎತ್ತಿದ್ದ ನಮ್ಮಜ್ಜಿ ಅಲ್ಲೇ ನಿಂತರು. “ಹುಯ್ಸಿ ಅಂತಿದಾರಲ್ಲೇ, ಏನು ಹುಯ್ಸಬೇಕಂತೆ?”

ಅರವತ್ತರ ದಶಕದ ಮಾತು. ಮೆಕ್ಸಿಕೋದಿಂದ ಬಂದಿದ್ದ ಈ ನರ್ಸ್ ಸಿಸ್ಟರ್ ಪ್ರತಿ ಶನಿವಾರ ನಮ್ಮ ಜಯನಗರದ ಮನೆಗೆ ಬಂದು ನನಗೆ ಸ್ಪ್ಯಾನಿಷ್ ಕಲಿಸಿ, ನನ್ನಿಂದ ಕನ್ನಡ ಕಲಿಯುತ್ತಿದ್ದರು. ಮಡಿಯ ಅಜ್ಜಿ ಅವರಿಗೆಂದೇ ಬೇರೆ ಲೋಟ ಇಟ್ಟು, ಸೋಕದ ಹಾಗೆ ಮೊಳದೆತ್ತರದಿಂದ ಕಾಫಿ ಹುಯ್ಯುತ್ತಿದ್ದರು. ಒಂದು ಹನಿಯೂ ಚೆಲ್ಲದ ಆ ಕೈಚಳಕವನ್ನು ಸಿಸ್ಟರ್ ಬೆರಗಿನಿಂದ ನೋಡುತ್ತಿದ್ದರು. ಅದು ಮಡಿಗಾಗಿ ಎಂದು ನಾನೂ ಬಿಡಿಸಿ ಹೇಳಲು ಹೋಗಿರಲಿಲ್ಲ.

ಅಂದು ‘ಅಸೂಯೆ’, ‘ತಾರತಮ್ಯ’ ಮುಗಿದು ‘ಪೂರ್ವಗ್ರಹ’ ಬಂದಿತ್ತು; ‘ಪ್ರೆಹುಯ್ಸಿಯೊ’ ಎಂದರೆ ಅದೇ. ಅಜ್ಜಿಗೆ ಅರ್ಥ ಹೇಳಿದೆ. “ಒಬ್ಬರನ್ನ ತಿಳ್ಕೊಳ್ಳೋಕೆ ಮೊದ್ಲೇ ಇವರು ಇಂಥೋರು, ದೂರ ಇಡ್ಬೇಕು ಅಂತ ತೀರ್ಮಾನ ಮಾಡ್ಬಿಡೋದು, ಅಜ್ಜಿ.”

ಅಜ್ಜಿ ಕೈಯಲ್ಲಿದ್ದ ಚೊಂಬನ್ನು ನೋಡಿದರು, ಕೆಳಗಿದ್ದ ಲೋಟವನ್ನು ನೋಡಿದರು. “ನಂಗೆ ಸರಿಯಾಗೇ ಕೇಳಿಸ್ತು ಕಣೇ” ಎಂದು ನಕ್ಕುಬಿಟ್ಟರು. ಒಳಗೆ ಹೋಗಿ ತಾವು ಕುಡಿಯುವ ಬೆಳ್ಳಿ ಲೋಟದಲ್ಲಿ ಕಾಫಿ ತಂದು ಸಿಸ್ಟರ್ ಕೈಗೇ ಕೊಟ್ಟರು.

ಸಿಸ್ಟರ್ ಮುಖ ಸಪ್ಪಗಾಯಿತು. “ಅಜ್ಜಿ, ಇವತ್ತು ಮೇಲಿಂದ ಹುಯ್ಯೋದಿಲ್ವಾ?”

ಕಲಿತ ಸ್ಪ್ಯಾನಿಷ್ ಬಹುಪಾಲು ಮರೆತಿದ್ದೇನೆ. ಆದರೆ ಕಂಡರಿಯದವರ ಬಗ್ಗೆ ನಾನೇನಾದರೂ ಹಗುರವಾಗಿ ಮಾತಾಡಿದರೆ, ನಮ್ಮಜ್ಜಿಯನ್ನು ನೋಡಿಯೇ ಇರದ, ಈ ಕತೆ ಕೇಳಿ ಬೆಳೆದ ನನ್ನ ಮೊಮ್ಮಗಳು ಈಗಲೂ ತಡೆಯುತ್ತಾಳೆ: “ಅಜ್ಜಿ, ಮೇಲಿಂದ ಹುಯ್ಬೇಡ.”